ಕ್ಯಾಸೆಟ್ ತಿರುಗಿಸುವ ಹೊತ್ತು

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತದೆ. ಆರು ಮೂಲೆಯದು, ಎಂದೂ ಹೆರೆಯದ್ದು. ನಾನು ಸರ್ವೆ ಇಲಾಖೆಯವನಾದ್ದರಿಂದ ಜನ ಅದನ್ನು ನಕ್ಷೆ ಗುರುತಿಸುವ ಪೆನ್ಸಿಲ್ ಅಂದುಕೊಂಡು ಮರ್ಯಾದೆಯಿಂದ ನೋಡುತ್ತಾರೆ. ಒಮ್ಮೆ ಗಾಜನೂರಿನ ಕಡೆ ಜಮೀನು ಅಳೆಯಲು ಹೋದಾಗ ಹಿರಿಯರೊಬ್ಬರು ಯಾವುದೋ ಫೋನ್ ನಂಬರ್ ಬರೆದುಕೊಳ್ಳಲು ಅದನ್ನು ಕೇಳಿ ತೆಗೆದುಕೊಂಡರು. ಎರಡೂ ತುದಿ ತಿರುಗಿಸಿ ನೋಡಿದರು. "ಸಾರ್, ಇದಕ್ಕೆ ಬಾಯೇ ಇಲ್ಲ" ಎಂದು ವಾಪಸು ಕೊಟ್ಟರು. ಆಮೇಲೆ ನಾನು ಅಳತೆ ಮಾಡಿದ ಕಡೆಯಲ್ಲೆಲ್ಲ ಅವರೂ ಒಂದು ಸಲ ಹೆಜ್ಜೆ ಹಾಕಿ ನೋಡಿಕೊಂಡರು. ಅವರ ಅನುಮಾನ ತಪ್ಪಲ್ಲ. ಬಾಯಿಲ್ಲದ ಪೆನ್ಸಿಲ್ ಇಟ್ಟುಕೊಂಡವನ ಅಳತೆಯನ್ನು ಯಾರು ನಂಬುತ್ತಾರೆ?

ಅದು ಬರೆಯುವ ಪೆನ್ಸಿಲ್ ಅಲ್ಲ, ಕ್ಯಾಸೆಟ್ಟಿನ ಪೆನ್ಸಿಲ್. ನಿಮಗೆ ನನ್ನಷ್ಟು ವಯಸ್ಸಾಗಿದ್ದರೆ ವಿವರಿಸಬೇಕಾಗಿಲ್ಲ. ಆಗಿಲ್ಲದಿದ್ದರೆ ಇಷ್ಟು ಹೇಳುತ್ತೇನೆ: ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಹಲ್ಲಿರುವ ಎರಡು ತೂತು ಇರುತ್ತವೆ. ಒಳಗಿನ ಕಂದು ಟೇಪು ಸಡಿಲವಾದಾಗ ಆ ತೂತಿಗೆ ಆರು ಮೂಲೆಯ ಪೆನ್ಸಿಲ್ ತೂರಿಸಿ ತಿರುಗಿಸಿದರೆ ಬಿಗಿಯಾಗುತ್ತದೆ. ನನ್ನ ಪೆನ್ಸಿಲ್ಲಿಗೆ ಇನ್ನೊಂದು ಕೆಲಸವೂ ಇತ್ತು. ನನ್ನ ಟೇಪ್ ರೆಕಾರ್ಡರಿನ ಮುಚ್ಚಳ ಕೊಂಡ ವರ್ಷದಿಂದಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗುಂಡಿ ಒತ್ತಿದರೆ ಬೇರೆಯವರ ರೆಕಾರ್ಡರಿನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ನನ್ನದಕ್ಕೆ ಸಂದಿಯಲ್ಲಿ ಪೆನ್ಸಿಲ್ ಕೊಟ್ಟು ಮೀಟಬೇಕು. ಮೀಟುವಾಗ ಬೈಯಲೂಬೇಕು.

ಇಷ್ಟೆಲ್ಲ ಕಷ್ಟಪಟ್ಟು ನಾನು ಕೂಡಿಟ್ಟದ್ದು ಒಬ್ಬನೇ ಮನುಷ್ಯನ ಗಿಟಾರನ್ನು. ಅವರು ಭದ್ರಾವತಿಯ ಸೆಲ್ವಣ್ಣ. ಮೊನ್ನೆ ಅವರ ಮನೆಗೆ ಹೋಗಿ ಬಂದೆ. ಅದನ್ನು ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಸೆಲ್ವಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ತಂದೆಯೂ ಅಲ್ಲೇ ಇದ್ದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕ್ವಾರ್ಟರ್ಸಿನ ಆಚೀಚೆ ಮನೆಯವರಿಂದ ಅಷ್ಟಿಷ್ಟು ತೆಲುಗು. ಇವೆಲ್ಲದರ ಮೇಲೆ ಇಂಗ್ಲಿಷ್ ರಾಕ್ ಸಂಗೀತ ಅವರಿಗೆ ಎಲ್ಲಿಂದ ಅಂಟಿಕೊಂಡಿತು ಅನ್ನುವುದಕ್ಕೆ ಒಂದು ಕತೆ ಇದೆ. ಯಾರೋ ದೊಡ್ಡ ಇಂಜಿನಿಯರು ವರ್ಗವಾಗಿ ಹೋಗುವಾಗ ಒಂದು ಪೆಟ್ಟಿಗೆ ರೆಕಾರ್ಡುಗಳನ್ನು ಕ್ಲಬ್ಬಿನಲ್ಲೇ ಬಿಟ್ಟುಹೋದರಂತೆ. ಕೇರಂ ಆಡಲು ಹೋಗುತ್ತಿದ್ದ ಸೆಲ್ವಣ್ಣ ಕೇರಂ ಬಿಟ್ಟರಂತೆ. ಇದು ನಾನು ಕೇಳಿದ ಮಾತು, ಕಂಡದ್ದಲ್ಲ.

ನಾನು ಕಂಡದ್ದು ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ. ಸೆಲ್ವಣ್ಣ ಮತ್ತು ಕ್ವಾರ್ಟರ್ಸಿನ ಅವರ ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದರು. ಮಾತಿಲ್ಲದ, ಬರೀ ವಾದ್ಯದ ಸಂಗೀತ. ಅದನ್ನು ಕೇಳಲು ಶಿವಮೊಗ್ಗ, ಭದ್ರಾವತಿಗಳಲ್ಲಿ ಯಾರು ಕರೆಯುತ್ತಾರೆ? ಕರೆಯುತ್ತಿದ್ದದ್ದು ಗಣಪತಿ ಪೆಂಡಾಲಿಗೆ, ಸಿನಿಮಾ ಹಾಡಿಗೆ. ಅವರು ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ. ಕಾರ್ಯಕ್ರಮದ ನಡುವೆ ಗಾಯಕ ಗಾಯಕಿಯರು ಚಹಾ ಕುಡಿಯಲು ವೇದಿಕೆಯ ಹಿಂದೆ ಹೋಗುತ್ತಾರಲ್ಲ, ಆ ಹೊತ್ತು ಬ್ಯಾಂಡಿನದು. ಆಗ ಏನು ಬೇಕಾದರೂ ಬಾರಿಸಬಹುದು. ಸಂಘಟಕರು ಅದಕ್ಕೆ 'ಟೀ ಐಟಂ' ಎಂದು ಹೆಸರಿಟ್ಟಿದ್ದರು.

ಟೀ ಐಟಂ ಅಂದರೆ ಜನರೂ ಏಳುವ ಹೊತ್ತು. ಕಡಲೆಕಾಯಿಗೆ, ಮಂಡಕ್ಕಿಗೆ, ಮಕ್ಕಳನ್ನು ಮೂಲೆಗೆ ಕರೆದೊಯ್ಯುವುದಕ್ಕೆ. ಅಂಥ ಹೊತ್ತಿನಲ್ಲಿ ಸೆಲ್ವಣ್ಣ ಮುಂದೆ ಬಂದು ನಿಲ್ಲುತ್ತಿದ್ದರು. ಶುರು ಯಾವಾಗಲೂ ಒಂದೇ: ಮೂರು ಸ್ವರ. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಸೈರನ್ ಕೆಳಗಿನಿಂದ ಮೇಲಕ್ಕೆ ಏರುತ್ತದಲ್ಲ, ಆ ಏರಿಕೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆಂದು ಅವರಿಗೂ ತಿಳಿದಿರುತ್ತಿರಲಿಲ್ಲ. ಶಾಸ್ತ್ರೀಯದವರು ಮನೋಧರ್ಮ ಎನ್ನುತ್ತಾರೆ. ಸೆಲ್ವಣ್ಣನ ಮನೋಧರ್ಮಕ್ಕೆ ಗಡಿ ಹಾಕುತ್ತಿದ್ದದ್ದು ಒಂದೇ, ಗಾಯಕರ ಚಹಾ. ಚಹಾ ತಣ್ಣಗಿದ್ದ ದಿನ ಸೋಲೋ ಚಿಕ್ಕದು. ಬಿಸಿ ಇದ್ದ ದಿನ ನನ್ನ ಅದೃಷ್ಟ.

ನಾನಾಗ ಕಾಲೇಜಿನಲ್ಲಿದ್ದೆ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಮನೆ. ಮೊದಲ ಸಲ ಕೇಳಿದ್ದು ನಮ್ಮ ಪಕ್ಕದ ಬೀದಿಯ ಪೆಂಡಾಲಿನಲ್ಲಿ. ಎರಡನೇ ಸಲ ಭದ್ರಾವತಿಯಲ್ಲಿ. ಅದೇ ಮೂರು ಸ್ವರದಿಂದ ಹೊರಟು ಅವತ್ತು ಬೇರೆಯೇ ಊರಿಗೆ ಹೋದರು. ಹೊಸಮನೆಯಲ್ಲಿ ಕೇಳಿದ್ದು ಇನ್ನು ಎಲ್ಲೂ ಇಲ್ಲ ಅನ್ನುವುದು ಆಗ ಹೊಳೆಯಿತು. ಅದು ಗಾಳಿಯಲ್ಲಿ ಹೋಯಿತು. ನನಗೆ ಒಂದು ಥರ ಭಯವಾಯಿತು. ಯಾರದೋ ಮನೆ ಬೆಂಕಿಗೆ ಹೋಗುವುದನ್ನು ನಾನೊಬ್ಬನೇ ನಿಂತು ನೋಡುತ್ತಿದ್ದೇನೆ ಅನ್ನುವ ಹಾಗೆ.

ಟೇಪ್ ರೆಕಾರ್ಡರ್ ಬೇಕೆಂದು ಅಮ್ಮನ ಹಿಂದೆ ಬಿದ್ದೆ. ಅಮ್ಮ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತ ಕೇಳಿಸಿಕೊಂಡಳು. ಆರ್ಕೆಸ್ಟ್ರಾ ಶುರುವಾಗುವುದು ದೇವರ ಹಾಡಿನಿಂದ ತಾನೆ, ಆ ಹಾಡುಗಳು ತನಗೆ ಬೇಕು ಅಂದಳು. ಹೀಗೆ ಒಪ್ಪಂದವಾಯಿತು. ಪ್ರತಿ ಕ್ಯಾಸೆಟ್ಟಿನ ಮೊದಲ ಬದಿ ಅಮ್ಮನದು: ಗಣಪತಿ ಸ್ತುತಿ, ಒಂದೆರಡು ವಚನ, ಹಳೆಯ ಸಿನಿಮಾ ಹಾಡು. ಎರಡನೇ ಬದಿ ನನ್ನದು: ಟೀ ಐಟಂ. ಮನೆಗೆ ಬಂದ ಮೇಲೆ ಅಮ್ಮ ತನ್ನ ಬದಿ ಕೇಳಿ, ನನ್ನ ಬದಿ ಶುರುವಾದ ಕೂಡಲೇ "ಗಿರಣಿ ಬಂತು" ಎಂದು ಅಡುಗೆಮನೆಗೆ ಹೋಗುತ್ತಿದ್ದಳು.

ಇದರಿಂದ ಏನಾಯಿತೆಂದರೆ, ಸರಿಯಾಗಿ ಟೀ ಐಟಂ ಶುರುವಾಗುವ ಹೊತ್ತಿಗೇ ನಾನು ಕ್ಯಾಸೆಟ್ ತಿರುಗಿಸಬೇಕು. ಸ್ಪೀಕರ್ ಡಬ್ಬದ ಪಕ್ಕ ಮೊದಲ ಸಾಲಿನಲ್ಲಿ, ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ, ಪೆನ್ಸಿಲ್ಲಿನಿಂದ ಮುಚ್ಚಳ ಮೀಟಿ, ಕ್ಯಾಸೆಟ್ ಮಗುಚಿ, ರೆಕಾರ್ಡ್ ಆಗಲು ಎರಡು ಗುಂಡಿಯನ್ನು ಒಟ್ಟಿಗೆ ಒತ್ತಿ ತಲೆ ಎತ್ತುವಷ್ಟರಲ್ಲಿ ಆ ಮೂರು ಸ್ವರ ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಮೊದಲ ಸ್ವರ ತಪ್ಪಿಸಿಕೊಂಡವನಲ್ಲ ನಾನು. ಇದರ ಬಗ್ಗೆ ನನಗೆ ಬಹಳ ಜಂಬ. ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜಾಗೆ ಎರಡು ಸಲ ಹೇಳಿದ್ದೆನಂತೆ. "ನಿಮ್ಮ ಕೈ ಅಷ್ಟು ಚುರುಕಾಗಿದ್ರೆ ತೆಂಗಿನಕಾಯಿ ಸುಲಿಯೋಕೆ ಅರ್ಧ ದಿನ ಯಾಕ್ ಬೇಕು ಮಾರಾಯ್ರೆ" ಅಂದಳು. ಮೂರನೇ ಸಲ ಹೇಳಲಿಲ್ಲ.

ಒಂದೆರಡು ಸೋಲೋಗಳ ಬಗ್ಗೆ ಹೇಳದೆ ಮುಂದೆ ಹೋದರೆ ನನಗೆ ಊಟ ಸೇರುವುದಿಲ್ಲ. ಮಲವಗೊಪ್ಪದ್ದು ಒಂದು. ಹೆದ್ದಾರಿ ಪಕ್ಕದ ಪೆಂಡಾಲು. ಮೂರು ಸ್ವರ ಆದಮೇಲೆ ಸೆಲ್ವಣ್ಣ ಸರಸರನೆ ಮೇಲೆ ಹತ್ತುತ್ತಿದ್ದರು. ಟಪ್ ಎಂದು ಒಂದು ತಂತಿ ಹರಿಯಿತು. ಟೇಪಿನಲ್ಲಿ ಆ ಟಪ್ ಸ್ಪಷ್ಟವಾಗಿ ಕೇಳುತ್ತದೆ. ಬೇರೆಯವರಾದರೆ ನಿಲ್ಲಿಸುತ್ತಿದ್ದರು. ಇವರು, ಮೆಟ್ಟಿಲು ಮುರಿದ ಕಡೆ ಜಿಗಿಯುವ ಹಾಗೆ, ಹರಿದ ತಂತಿಯ ಜಾಗವನ್ನು ಹಾರಿ ಹಾರಿ ನುಡಿಸಿದರು. ಹಾರಿದ ಕಡೆಯಲ್ಲೆಲ್ಲ ಒಂದು ಸಣ್ಣ ಖಾಲಿ. ಕೇಳುತ್ತ ಕೇಳುತ್ತ ಆ ಖಾಲಿಗಳೇ ತಾಳವಾದವು. ಆಮೇಲಿನ ವರ್ಷಗಳಲ್ಲಿ ಈ ಕಡೆಯ ಎಳೆಯ ಗಿಟಾರಿನವರು ಕೆಲವರು, ಆರೂ ತಂತಿ ಗಟ್ಟಿಯಾಗಿದ್ದರೂ, ಅದೇ ಖಾಲಿಗಳನ್ನು ಬಿಟ್ಟು ನುಡಿಸುವುದನ್ನು ಕೇಳಿದ್ದೇನೆ. ಅದು ಶೈಲಿ ಅಂದುಕೊಂಡಿದ್ದಾರೆ. ಪಾಪ, ಹರಿದ ತಂತಿ ಎಂದು ಅವರಿಗೆ ಯಾರು ಹೇಳಬೇಕು?

ಇನ್ನೊಂದು ಭದ್ರಾವತಿಯ ಹಳೇನಗರದ್ದು. ನಡುವೆ ಕರೆಂಟು ಹೋಯಿತು. ನನ್ನ ರೆಕಾರ್ಡರ್ ಸೆಲ್ಲಿನ ಮೇಲೆ ನಡೆಯುತ್ತಿದ್ದರಿಂದ ಅದು ನಿಲ್ಲಲಿಲ್ಲ. ಟೇಪಿನಲ್ಲಿ ಆ ಗಳಿಗೆ ಹೀಗಿದೆ: ದೊಡ್ಡದಾಗಿ ಕೂಗುತ್ತಿದ್ದ ಗಿಟಾರು ತಟ್ಟನೆ ಇಲ್ಲ. ಜನರ ಹೋ ಎನ್ನುವ ಸದ್ದು. ಡ್ರಮ್ಮಿನವನೂ ನಿಲ್ಲಿಸಿದ. ಆಮೇಲೆ, ಗಮನವಿಟ್ಟು ಕೇಳಿದರೆ, ಬಹಳ ದೂರದಲ್ಲಿ ಬಳೆ ತಾಕಿದ ಹಾಗೆ ಕಿಣಿಕಿಣಿ. ಸೆಲ್ವಣ್ಣ ನಿಲ್ಲಿಸಿಲ್ಲ. ಬರೀ ತಂತಿ ನುಡಿಯುತ್ತಿದೆ. ಮುಂದಿನ ಸಾಲಿನವರು ಶ್ ಅಂದರು. ಹಿಂದಿನವರೂ ಸುಮ್ಮನಾದರು. ಕಡಲೆಕಾಯಿ ಬಿಡಿಸುವುದೂ ನಿಂತಿತು ಅನಿಸುತ್ತದೆ. ಇಡೀ ಪೆಂಡಾಲು ಕತ್ತಲಲ್ಲಿ ಕಿವಿ ಮುಂದೆ ಚಾಚಿ ಕೂತಿತು. ಜನರೇಟರ್ ಬಂದಾಗ ಗಿಟಾರು ಮತ್ತೆ ದೊಡ್ಡದಾಯಿತು. ಯಾರೋ ಒಬ್ಬರು ಅಯ್ಯೋ ಅಂದರು. ಕರೆಂಟು ಬಂದದ್ದಕ್ಕೆ ಬೇಸರಪಟ್ಟುಕೊಂಡ ಜನರನ್ನು ನಾನು ಅವತ್ತು ಮಾತ್ರ ಕಂಡದ್ದು.

ಈ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅವನ್ನು ಕಂಪ್ಯೂಟರಿಗೆ ಹಾಕಿಸಲು ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಮ್ತಿಯಾಜ್‌ನ ಬಳಿ ಹೋದೆ. ಹೋದದ್ದು ಗಿರಾಕಿಯಾಗಿ, ಈಗ ಅವನೂ ನನ್ನಂತೆಯೇ ಕೆಟ್ಟಿದ್ದಾನೆ. ಗಿರಾಕಿಗಳ ಫೋನು ಬಿಚ್ಚಿಟ್ಟುಕೊಂಡೇ ಸೆಲ್ವಣ್ಣನ ಸೋಲೋ ಹಾಕಿರುತ್ತಾನೆ. ನಮ್ಮಿಬ್ಬರಿಗೂ ಒಂದೇ ಒಂದು ಜಗಳ ಇತ್ತು. ಅಮ್ಮನ ಬದಿಯ ಕೊನೆಯಲ್ಲಿ, ಗಾಯಕಿ ಚಹಾಕ್ಕೆ ಹೋದ ಮೇಲೆ, ಸೆಲ್ವಣ್ಣ ಶ್ರುತಿ ಮಾಡುವ ಸದ್ದಿದೆ. ಟಿಣ್, ಟಿಣ್, ಟಿಣ್. ಅಷ್ಟರಲ್ಲಿ ನಾನು ಟೇಪು ನಿಲ್ಲಿಸಿ ಮುಚ್ಚಳಕ್ಕೆ ಕೈಹಾಕಿರುತ್ತೇನೆ. ಪ್ರತಿ ಕ್ಯಾಸೆಟ್ಟಿನಲ್ಲೂ ಇದೆ.

"ಖಾಲಿಪೀಲಿ ಟಿಣ್ ಟಿಣ್ ಸಾರ್. ಕಟ್ ಮಾಡ್ಲಾ?" ಅಂತ ಇಮ್ತಿಯಾಜ್.

ಕೂಡದು ಅಂದೆ. ಅದು ಖಾಲಿ ಅಲ್ಲ, ಒಳಗೆ ಇಳಿಯುವ ಮೆಟ್ಟಿಲು. ಎಂಥ ಗದ್ದಲದಲ್ಲೂ ಶ್ರುತಿ ಕೂದಲೆಳೆಯಷ್ಟು ಸರಿಯಾಗುವವರೆಗೆ ಅವರು ನುಡಿಸುವವರಲ್ಲ. ಅದು ಅವರ ಧ್ಯಾನ ಎಂದು ಸಣ್ಣ ಭಾಷಣ ಮಾಡಿದೆ. ಅದಕ್ಕೆ ಸಾಕ್ಷಿಯೂ ನನ್ನಲ್ಲಿತ್ತು. ಇಮ್ತಿಯಾಜ್‌ನ ಮಾವ ಮಲವಗೊಪ್ಪದ ಅದೇ ಕಾರ್ಯಕ್ರಮವನ್ನು ಹಿಂದಿನ ಸಾಲಿನಿಂದ ತಮ್ಮ ರೆಕಾರ್ಡರಿನಲ್ಲಿ ಹಿಡಿದಿದ್ದರು. ಅದರಲ್ಲಿ ನಡುವೆ ಕಡಿಯದೆ ಪೂರ್ತಿ ಇದೆ. ಶ್ರುತಿ ಮಾಡುವುದು ಮುಗಿಯುವುದೇ ಇಲ್ಲ. ಜನ ಸಿಳ್ಳೆ ಹಾಕುತ್ತಾರೆ. ಯಾರೋ "ಎಷ್ಟೊತ್ತು ಮಾರಾಯ, ಮದುವೆ ಆಗಿ ಮಕ್ಳಾದ್ವು" ಎನ್ನುತ್ತಾನೆ. ಸೆಲ್ವಣ್ಣ ಕಿವಿಗೆ ಹಾಕಿಕೊಳ್ಳದೆ ಟಿಣ್ ಟಿಣ್. ನೋಡಪ್ಪ, ಇದಕ್ಕೇ ಸಾಧಕ ಅನ್ನೋದು ಎಂದೆ. ಇಮ್ತಿಯಾಜ್ ಕತ್ತರಿ ಕೆಳಗಿಟ್ಟ.

ಸೆಲ್ವಣ್ಣನ ಜೊತೆ ನಾನು ಮಾತಾಡಿದ್ದು ಇಲ್ಲವೆಂದೇ ಹೇಳಬೇಕು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಬೇಕೆನಿಸುತ್ತಿತ್ತು, ಹೋಗುತ್ತಿರಲಿಲ್ಲ. ಅವರ ಕಣ್ಣಿಗೆ ನಾನು ಬಿದ್ದಿದ್ದೇನೆ ಅನ್ನುವ ಕಲ್ಪನೆಯೂ ನನಗಿರಲಿಲ್ಲ. ಮೊದಲ ಸಾಲಿನಲ್ಲಿ ಕೂತ ಕಳ್ಳ ನಾನು. ಅವರು ಚೆಲ್ಲಿದ್ದನ್ನು ಬೊಗಸೆಯಲ್ಲಿ ಹಿಡಿದು ಮನೆಗೆ ಒಯ್ಯುತ್ತಿದ್ದವನು. ಆಮೇಲೆ ಕೀಬೋರ್ಡೊಂದೇ ಎಲ್ಲ ವಾದ್ಯವೂ ಆಗುವ ಕಾಲ ಬಂತು. ಬ್ಯಾಂಡಿನವರು ಚದುರಿದರು. ಟೀ ಐಟಂ ನಿಂತಿತು.

ಇತ್ತೀಚೆಗೆ ಇಮ್ತಿಯಾಜ್ ಆ ಕರೆಂಟು ಹೋದ ಸೋಲೋವನ್ನು ಯಾವುದೋ ವಾಟ್ಸಾಪ್ ಗುಂಪಿಗೆ ಹಾಕಿದ. ಅದು ಕೈಯಿಂದ ಕೈಗೆ ದಾಟಿ ಭದ್ರಾವತಿ ಮುಟ್ಟಿರಬೇಕು. ಒಂದು ಸಂಜೆ ನನ್ನ ಫೋನಿಗೆ ಹೆಂಗಸೊಬ್ಬರ ಕರೆ ಬಂತು. ನಂಬರು ಇಮ್ತಿಯಾಜ್ ಕೊಟ್ಟನೆಂದು ಹೇಳಿ, ಸ್ವಲ್ಪ ತಡೆದು ಕೇಳಿದರು: "ನೀವು ಪೆನ್ಸಿಲ್ ಅಲ್ವಾ?"

ನಾನು ಜೇಬು ಮುಟ್ಟಿ ನೋಡಿಕೊಂಡೆ.

ಅವರು ಸೆಲ್ವಣ್ಣನ ಹೆಂಡತಿ ರಾಣಿ ಅಕ್ಕ. ಮಳೆಗಾಲಕ್ಕೆ ಮುಂಚೆ ಸೆಲ್ವಣ್ಣನಿಗೆ ಪಾರ್ಶ್ವವಾಯು ಹೊಡೆದಿತ್ತು. ಎಡಗಡೆ. ನಡಿಗೆ ಸುಮಾರಾಗಿ ಬಂದಿದೆ, ಮಾತು ಬಂದಿದೆ, ಎಡಗೈ ಬೆರಳು ಕೂಡ ಮಡಚುತ್ತವೆ. ಬಳಸಿದರೆ ಇನ್ನೂ ಬರುತ್ತವೆ ಎಂದು ಡಾಕ್ಟರು ಹೇಳಿದ್ದಾರಂತೆ. ಆದರೆ ಇವರು ಗಿಟಾರನ್ನು ಮುಟ್ಟುವುದೇ ಇಲ್ಲ. ಗೋಡೆಗೆ ನೇತುಹಾಕಿದ್ದನ್ನು ಇಳಿಸಿ ಮಂಚದ ಕೆಳಗೆ ಇಡಿಸಿದ್ದಾರೆ. ಈಗ ತಂಗಿಯ ಮಗನಿಗೆ ಫೋನ್ ಮಾಡಿಸಿ, ಭಾನುವಾರ ಬಂದು ಒಯ್ಯಿ ಅಂದಿದ್ದಾರೆ. ಅದು ಹೋದರೆ ಇವರು ಆ ಕುರ್ಚಿ ಬಿಟ್ಟು ಏಳುವುದಿಲ್ಲ ಅನ್ನುವುದು ರಾಣಿ ಅಕ್ಕನ ಹೆದರಿಕೆ. ಭಾನುವಾರಕ್ಕೆ ಮುಂಚೆ ಒಂದು ಸಲ ಬನ್ನಿ, ಆ ಡಬ್ಬ ತಗೊಂಡು ಬನ್ನಿ ಅಂದರು. ಡಬ್ಬ ಅಂದರೆ ನನ್ನ ಟೇಪ್ ರೆಕಾರ್ಡರ್.

ನನಗೆ ಧೈರ್ಯ ಬರಲಿಲ್ಲ. ನಡೆಯಲಾಗದವನ ಮುಂದೆ ಅವನೇ ಓಡಿದ ಚಿತ್ರ ಹಿಡಿದ ಹಾಗಲ್ಲವೇ? ಗಿರಿಜಾಳನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಇಷ್ಟು ವರ್ಷ ಅವರದ್ದು ನೀವು ಇಟ್ಕೊಂಡಿದ್ರಿ. ಅವರು ಕೇಳಿದಾಗ ತೋರ್ಸೋಲ್ಲ ಅನ್ನೋಕಾಗುತ್ತಾ?" ಅಂದಳು. ಅವರಲ್ಲ, ಅವರ ಹೆಂಡತಿ ಕೇಳಿದ್ದು ಎಂದೆ. "ಅದು ಇನ್ನೂ ದೊಡ್ಡದು" ಅಂದಳು.

ರೆಕಾರ್ಡರನ್ನು ಇಮ್ತಿಯಾಜ್‌ನ ಅಂಗಡಿಗೆ ಒಯ್ದೆ. ಅವನು ಒಳಗಿನ ಬೆಲ್ಟ್ ಬದಲಿಸಿದ. ಮುಚ್ಚಳಕ್ಕೆ ಹೊಸ ಸ್ಪ್ರಿಂಗ್ ಹಾಕಿದ. "ಇನ್ನು ಪೆನ್ಸಿಲ್‌ಗೆ ರಿಟೈರ್ಮೆಂಟ್ ಸಾರ್, ಮುಟ್ಟಿದ್ರೆ ಸಾಕು" ಅಂತ ತೋರಿಸಿದ. ಬೆರಳು ತಾಗಿದ್ದೇ ತಡ, ಮುಚ್ಚಳ ನಯವಾಗಿ ಎದ್ದು ನಿಂತಿತು. ಪರೀಕ್ಷೆಗೆ ಹಳೆಯ ಖಾಲಿ ಕ್ಯಾಸೆಟ್ಟೊಂದನ್ನು ಹುಡುಕಿ, ಅದರ ಮೊದಲ ಬದಿಗೆ ತನ್ನ ಅಂಗಡಿಯ ಗದ್ದಲ ತುಂಬಿಸಿ ಕೊಟ್ಟ. ಎರಡನೇ ಬದಿ ಖಾಲಿ ಇದೆ, ಇದೂ ಚೀಲದಲ್ಲಿರಲಿ ಸಾರ್ ಅಂದ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ಆ ಪೆಂಡಾಲು ಹಾಕುತ್ತಿದ್ದ ಜಾಗ ನೋಡಿದೆ. ಟೈಲ್ಸ್ ಅಂಗಡಿಯಾಗಿದೆ. ಮಡಿಲಲ್ಲಿದ್ದ ರೆಕಾರ್ಡರನ್ನು ನೋಡಿ ಪಕ್ಕದವರು ಮಾರುವುದಕ್ಕೆ ಒಯ್ಯುತ್ತಿದ್ದೀರಾ ಎಂದು ಕೇಳಿದರು. ಇಲ್ಲ, ಹಿಂದಿರುಗಿಸಲು ಎಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು.

ಸೆಲ್ವಣ್ಣನ ಮನೆ ಕ್ವಾರ್ಟರ್ಸಿಗೆ ಹತ್ತಿರದ ಬೀದಿಯಲ್ಲಿ. ನಿವೃತ್ತಿಯಾದ ಮೇಲೆ ಕಟ್ಟಿಸಿದ ಎರಡು ಕೋಣೆಯ ಮನೆ, ಮುಂದೆ ನುಗ್ಗೆ ಮರ. ಅವರು ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿದ್ದರು. ತಲೆ ನರೆತಿತ್ತು. ಎಡಗೈ ತೊಡೆಯ ಮೇಲೆ, ಯಾರೋ ಇಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ದೃಷ್ಟಿ ಜೇಬಿನ ಹತ್ತಿರ ನಿಂತಿತು.

"ಇನ್ನೂ ಇದೆಯೇನೋ" ಅಂದರು.

ನಾನು ತಲೆಯಾಡಿಸಿದೆ. ರಾಣಿ ಅಕ್ಕ ಕಾಫಿ ತಂದು ಸ್ಟೂಲಿನ ಮೇಲಿಟ್ಟರು. ನಾನು ರೆಕಾರ್ಡರನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು ಮುಚ್ಚಳ ಮುಟ್ಟಿದೆ, ಅದು ತೆರೆದುಕೊಂಡಿತು. ಮಲವಗೊಪ್ಪದ ಕ್ಯಾಸೆಟ್ ಹಾಕಿದೆ. ನೇರವಾಗಿ ಸೋಲೋ ಹಾಕಲು ಅಂಜಿಕೆಯಾಗಿ ಅಮ್ಮನ ಬದಿಯ ಕೊನೆಗೆ ಇಟ್ಟೆ. ಗಾಯಕಿಯ ಹಾಡಿನ ಕೊನೆಯ ಸಾಲು, ಚಪ್ಪಾಳೆ, ಎದ್ದು ಹೋಗುವ ಜನರ ಸದ್ದು. ಆಮೇಲೆ ಟಿಣ್, ಟಿಣ್, ಟಿಣ್.

ಸೆಲ್ವಣ್ಣ ಕಿಟಕಿಯಾಚೆ ನೋಡುತ್ತಿದ್ದರು. ಅವರಿಗೆ ಏನಾದರೂ ಹೇಳಬೇಕೆನಿಸಿ, ನಿಮ್ಮ ಈ ಶ್ರುತಿ ಮಾಡುವ ಶ್ರದ್ಧೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ, ನನ್ನ ಗೆಳೆಯನಿಗೂ ಅದನ್ನೇ ಹೇಳುತ್ತಿರುತ್ತೇನೆ ಎಂದೆ.

ಅವರು ತಿರುಗಿದರು. ಮುಖದ ಬಲಗಡೆ ಮೊದಲು ನಕ್ಕಿತು, ಎಡಗಡೆ ಆಮೇಲೆ ಸೇರಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ರಾಣಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಅದು ನಗುವೋ ಏನೋ ನನಗೆ ತಿಳಿಯಲಿಲ್ಲ.

"ಶ್ರುತಿ ಎಲ್ಲಿ ಬಂತು ತಂಬಿ? ಗಿಟಾರ್ ಸರಿಯಾಗೇ ಇತ್ತು" ಅಂದರು. ಮಾತು ನಿಧಾನ, ಆದರೆ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುತ್ತಿತ್ತು. "ನೀನು ಆ ಮುಚ್ಚಳದ ಜೊತೆ ಒದ್ದಾಡ್ತಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಟೀ ಐಟಂ ಅಂದ್ರೆ ಎಲ್ರೂ ಎದ್ದು ಹೋಗೋರು. ಒಬ್ಬ ಮಾತ್ರ ಕೂತಿರ್ತಿದ್ದ. ಅವನೂ ತಲೆ ಬಗ್ಗಿಸ್ಕೊಂಡು ಪೆನ್ಸಿಲ್ ಹಿಡ್ಕೊಂಡು ಡಬ್ಬ ಕೆರೀತಾ ಕೂತಿರ್ತಿದ್ದ. ಅವನು ತಲೆ ಎತ್ತೋ ತನಕ ನಾನು ಯಾರಿಗೆ ಬಾರಿಸ್ಲಿ?"

ಟೇಪಿನ ಸದ್ದು ಅಷ್ಟರಲ್ಲಿ ಕಟ್ ಎಂದು ನಿಂತಿತು. ಅಲ್ಲಿ ನಾನು ನಿಲ್ಲಿಸಿದ್ದೆನಲ್ಲ, ಕ್ಯಾಸೆಟ್ ತಿರುಗಿಸಲು.

ರಾಣಿ ಅಕ್ಕ ಉಳಿದದ್ದನ್ನು ಹೇಳಿದರು. ಡ್ರಮ್ಮಿನವನು ಹಿಂದಿನಿಂದ ಬೈಯುತ್ತಿದ್ದನಂತೆ. ಗಾಯಕರ ಚಹಾ ಮುಗಿಯುತ್ತದೆ, ಶುರು ಮಾಡು ಅಂತ. ಇವರು "ಪೆನ್ಸಿಲ್ ಇನ್ನೂ ತಿರುಗಿಸಿಲ್ಲ" ಎನ್ನುತ್ತಿದ್ದರಂತೆ. ಮನೆಗೆ ಬಂದ ಮೇಲೆ ಇವತ್ತು ಪೆನ್ಸಿಲ್ ಬಂದಿದ್ದ, ಬಂದಿರಲಿಲ್ಲ ಅನ್ನುವುದೇ ಕಾರ್ಯಕ್ರಮದ ವರದಿಯಂತೆ.

ನಾನು ಕಾಫಿ ಲೋಟ ಎತ್ತಿದೆ, ಕುಡಿಯಲಾಗಲಿಲ್ಲ, ಕೆಳಗಿಟ್ಟೆ. ನನ್ನ ಕೈಚಳಕ, ಒಂದು ಸಲವೂ ತಪ್ಪಿಸಿಕೊಳ್ಳದ ಮೊದಲ ಸ್ವರ, ಇಮ್ತಿಯಾಜ್‌ಗೆ ಮಾಡಿದ ಭಾಷಣ, ಮಾವನ ಟೇಪಿನಲ್ಲಿ ಮುಗಿಯದ ಆ ಟಿಣ್ ಟಿಣ್, ಸಿಳ್ಳೆ, "ಎಷ್ಟೊತ್ತು ಮಾರಾಯ". ಅಷ್ಟು ಜನರಿಂದ ಅವರು ಬೈಸಿಕೊಂಡದ್ದು ಶ್ರುತಿಗಾಗಿ ಅಲ್ಲ. ಕದ್ದು ಹಿಡಿಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಕೊಡುತ್ತಿದ್ದರು. ಕೊಡುವ ಮುಂಚೆ ಪಾತ್ರೆ ಸರಿಯಾಗಿ ಹಿಡಿದಿದ್ದೇನೆಯೇ ಎಂದು ನೋಡಿಕೊಂಡು ಕೊಡುತ್ತಿದ್ದರು.

ಎರಡನೇ ಬದಿ ಹಾಕಲೇ ಎಂದು ಕೇಳಿದೆ.

"ಬೇಡ" ಅಂದರು. "ಅದು ಆಯ್ತಲ್ಲ."

ಆಮೇಲೆ ಅವರು, ಕಿಟಕಿಯಾಚೆ ನೋಡುತ್ತಲೇ, ರಾಣಿ ಅಕ್ಕನಿಗೆ ಮಂಚದ ಕೆಳಗಿನದನ್ನು ತರಲು ಹೇಳಿದರು. ಅಕ್ಕ ಅಲ್ಲೇ ನಿಂತರು. "ನಾಳೆ ಹುಡುಗ ಬರ್ತಾನಲ್ಲ. ಬೇಸುರಾಗಿರೋದನ್ನ ಹಾಗೇ ಕೊಡೋಕಾಗುತ್ತಾ? ಶ್ರುತಿ ಮಾಡಿ ಇಡ್ತೀನಿ, ಅಷ್ಟೇ" ಅಂದರು. ಅಕ್ಕ ಒಳಗೆ ಹೋದರು.

ಗಿಟಾರು ಬಂತು. ಕಂದು ಬಣ್ಣದ್ದು, ಬಲಗೈ ತಾಗುವ ಕಡೆ ಬಣ್ಣ ಹೋಗಿ ಮರ ಕಾಣುತ್ತಿತ್ತು. ಅಷ್ಟು ವರ್ಷ ಕೇಳಿದವನು ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸ್ಪೀಕರಿಗೆ ಜೋಡಿಸಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಎಡಗೈಯನ್ನು ಎತ್ತಿ ಗಿಟಾರಿನ ತುದಿಯ ತಿರುಗಣೆಗಳ ಮೇಲೆ ಕೂರಿಸಿದರು. ಬಲಗೈ ತಂತಿ ಮೀಟಿತು. ಟಿಣ್ ಅಲ್ಲ, ಟೊಂಯ್ ಎಂದಿತು. ಈ ಸಲ ಶ್ರುತಿ ನಿಜವಾಗಿಯೂ ಕೆಟ್ಟಿತ್ತು.

ನಾನು ಚೀಲದಿಂದ ಇಮ್ತಿಯಾಜ್‌ನ ಕ್ಯಾಸೆಟ್ ತೆಗೆದೆ. ಸದ್ದಿಲ್ಲದೆ ಮಲವಗೊಪ್ಪದ್ದನ್ನು ತೆಗೆದು ಇದನ್ನು ಇಟ್ಟೆ. ಅವಸರದಲ್ಲಿ ಅಂಗಡಿಯ ಗದ್ದಲ ಇದ್ದ ಬದಿಯನ್ನೇ ಇಟ್ಟು ಮುಚ್ಚಳ ಹಾಕಿಬಿಟ್ಟಿದ್ದೆ. ಖಾಲಿ ಬದಿಗೆ ತಿರುಗಿಸಬೇಕಿತ್ತು. ಕೈ ಮುಚ್ಚಳದ ಕಡೆ ಹೋಯಿತು.

ಆಗ ಅವರ ಬೆರಳುಗಳನ್ನು ಕಂಡೆ. ಹೆಬ್ಬೆರಳು ಮತ್ತು ತೋರುಬೆರಳು ತಿರುಗಣೆಯನ್ನು ಹಿಡಿಯುತ್ತಿದ್ದವು, ಜಾರುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು. ಒಂದು ಸಲ ಎಡಗೈ ಪೂರ್ತಿ ಕಳಚಿ ತೊಡೆಗೆ ಬಿತ್ತು. ಅವರು ನನ್ನ ಕಡೆ ನೋಡಿದರು. ನನಗೆ ಅವರ ಕಣ್ಣಿನಲ್ಲಿ ಕಂಡದ್ದನ್ನು ಸರಿಯಾಗಿ ಹೇಳಬೇಕು: ಅದು ನೋವಲ್ಲ, ನಾಚಿಕೆ. ನಾನು ಕೈ ಕಟ್ಟಿಕೊಂಡು ಕಾಯುತ್ತ ಕೂತಿದ್ದರೆ ಇನ್ನೊಂದು ಗಳಿಗೆಯಲ್ಲಿ ಅವರು ಗಿಟಾರನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತಿದ್ದರು.

ನಾನು ಜೇಬಿನಿಂದ ಪೆನ್ಸಿಲ್ ತೆಗೆದೆ. ತಲೆ ಬಗ್ಗಿಸಿ ಮುಚ್ಚಳದ ಸಂದಿಗೆ ಇಟ್ಟು ಕೆರೆಯತೊಡಗಿದೆ.

"ಏನಾಯ್ತೋ ಪೆನ್ಸಿಲ್?"

"ಸಿಕ್ಕಿಹಾಕ್ಕೊಂಡಿದೆ ಸೆಲ್ವಣ್ಣ. ಸ್ವಲ್ಪ ತಡೀರಿ."

"ಇನ್ನೂ ರಿಪೇರಿ ಮಾಡ್ಸಿಲ್ವಾ? ಸರಿ, ನಿಧಾನ ಮಾಡು. ನಾನು ಶ್ರುತಿ ಮಾಡ್ತಿರ್ತೀನಿ."

ರಾಣಿ ಅಕ್ಕ ಈಗಷ್ಟೇ ಆ ಮುಚ್ಚಳ ಬೆರಳು ತಾಗಿಸಿದರೆ ತೆರೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದರು. ನನ್ನನ್ನು, ಪೆನ್ಸಿಲ್ಲನ್ನು ನೋಡಿದರು. ತಣ್ಣಗಾದ ನನ್ನ ಕಾಫಿ ತೆಗೆದುಕೊಂಡು, ಬಿಸಿ ಮಾಡಿ ತರುತ್ತೇನೆ, ಅವಸರ ಇಲ್ಲವಲ್ಲ ಎಂದು ಒಳಗೆ ನಡೆದರು.

ನಾನು ಕೆರೆಯುತ್ತ ಕೂತೆ. ಕಣ್ಣು ಮುಚ್ಚಳದ ಮೇಲೆ, ಕಿವಿ ತಂತಿಯ ಮೇಲೆ. ದಪ್ಪ ತಂತಿ ಮೇಲೆ ಹೋಯಿತು, ಹೆಚ್ಚಾಯಿತು, ಇಳಿಯಿತು, ನಿಂತಿತು. ಅದರ ಪಕ್ಕದ್ದು ಬಹಳ ಹೊತ್ತು ಸತಾಯಿಸಿತು. ಬೆರಳು ಜಾರಿದ ಸದ್ದು, ಉಸಿರು ಬಿಟ್ಟ ಸದ್ದು, ತಮಿಳಿನಲ್ಲಿ ಒಂದು ಸಣ್ಣ ಬೈಗುಳ. ಮತ್ತೆ ಟೊಂಯ್, ಮತ್ತೆ. ಒಂದೊಂದಾಗಿ ಬಂದವು. ನುಗ್ಗೆ ಮರದ ನೆರಳು ಸ್ಟೂಲಿನ ಕಾಲಿನಿಂದ ಗೋಡೆಯ ಕಡೆಗೆ ಸರಿದಿತ್ತು. ನಾನು ಪೆನ್ಸಿಲ್ ನಿಲ್ಲಿಸಲಿಲ್ಲ. ಕೊನೆಯ ಸಣ್ಣ ತಂತಿಯೂ ತನ್ನ ಜಾಗಕ್ಕೆ ಬಂದು ಕೂತಿತು. ಟಿಣ್.

ಆರೂ ಸರಿಯಾಗಿದ್ದವು. ನನ್ನ ಕಿವಿ ಅಷ್ಟನ್ನು ಬಲ್ಲದು. ಆದರೂ ಸದ್ದು ನಿಲ್ಲಲಿಲ್ಲ. ಟಿಣ್, ಟಿಣ್, ಟಿಣ್. ಸರಿಯಾಗಿದ್ದ ತಂತಿಯನ್ನೇ ಅವರು ಮತ್ತೆ ಮತ್ತೆ ಮೀಟುತ್ತಿದ್ದರು.

ನಾನು ಪೆನ್ಸಿಲ್ ಕೆಳಗಿಟ್ಟೆ. ಮುಚ್ಚಳ ಮುಟ್ಟಿದೆ, ಕ್ಯಾಸೆಟ್ ಮಗುಚಿದೆ, ಎರಡು ಗುಂಡಿಯನ್ನು ಒಟ್ಟಿಗೆ ಒತ್ತಿದೆ. ತಲೆ ಎತ್ತಿದೆ.